ರಾತ್ರಿ ನಾಟಕಕ್ಕೆ ಯಾವ ಲೆನ್ಸ್?

ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆ ಹೋಬಳಿಯಲ್ಲಾಗಲಿ, ಅಕ್ಕಪಕ್ಕದ ಅರಕಲಗೂಡು, ಚನ್ನರಾಯಪಟ್ಟಣದ ಹಳ್ಳಿಗಳಲ್ಲಾಗಲಿ ಪೌರಾಣಿಕ ನಾಟಕ ಅಂದರೆ ರಾತ್ರಿಯ ಮಾತು. ಜನ ಊಟ ಮುಗಿಸಿ ಬಂದು ಸೇರಿ, ಪ್ರಾರ್ಥನೆಯಾಗಿ, ಪರದೆ ಏಳುವ ಹೊತ್ತಿಗೆ ತಡವಾಗಿರುತ್ತದೆ. 'ಕುರುಕ್ಷೇತ್ರ'ವಾದರೆ ಸುಯೋಧನ ತೊಡೆ ಮುರಿದು ಬೀಳುವಷ್ಟರಲ್ಲಿ ಬೆಳಗಾಗುತ್ತದೆ. ಹೊಲ, ತೋಟ, ಡೇರಿ, ಅಂಗಡಿ ನೋಡಿಕೊಳ್ಳುವ ಜನ ತಿಂಗಳುಗಟ್ಟಲೆ ಸಂಜೆ ಹೊತ್ತು ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಕಂದ, ರಂಗಗೀತೆ, ಮಾತು ಕಲಿಯುತ್ತಾರೆ. ಆಮೇಲೆ ಕೈಯಿಂದ ದುಡ್ಡು ಹಾಕಿ ಪಾತ್ರ ಮಾಡುತ್ತಾರೆ. ಅಂಥವರ ಮನೆಯ ಗೋಡೆ ಮೇಲೆ ಕಿರೀಟ, ಭುಜಕೀರ್ತಿ ತೊಟ್ಟು ಗದೆ ಹಿಡಿದು ನಿಂತ ಫೋಟೊ ಒಂದಕ್ಕೆ ಕಟ್ಟು ಹಾಕಿಸಿ ನೇತುಹಾಕಿರುವುದನ್ನು ಈ ಸೀಮೆಯಲ್ಲಿ ಎಲ್ಲರೂ ನೋಡಿರುತ್ತಾರೆ. ಆ ಫೋಟೊ ಚೆನ್ನಾಗಿ ಬರಬೇಕು ಎಂಬುದಷ್ಟೇ ನನ್ನ ಕಾಳಜಿ.

ಅದು ಚೆನ್ನಾಗಿ ಬಾರದಿರುವುದಕ್ಕೆ ಸಾಮಾನ್ಯವಾಗಿ ಎರಡು ಕಾರಣ. ಒಂದು, ಕ್ಯಾಮೆರಾ ಮೇಲಿನ ಫ್ಲ್ಯಾಶನ್ನು ನೇರವಾಗಿ ಮುಖಕ್ಕೆ ಹೊಡೆಯುವುದು. ಬಣ್ಣ ಬಳಿದು ಬೆವೆತ ಮುಖ ಎಣ್ಣೆ ಸವರಿದಂತೆ ಹೊಳೆಯುತ್ತದೆ, ಜರಿಯ ಅಂಚು ಬೆಳ್ಳಗೆ ಸುಟ್ಟುಹೋಗುತ್ತದೆ, ಕಿರೀಟದ ಕರಿ ನೆರಳು ಹಿಂದಿನ ಪರದೆಯ ಮೇಲೆ ಬೀಳುತ್ತದೆ. ದೂರದಿಂದ ಹಸ್ತಿನಾವತಿಯ ಅರಮನೆಯಾಗಿ ಕಾಣುತ್ತಿದ್ದ ಪರದೆ ಆ ಬೆಳಕಿಗೆ ಮಡಿಕೆ ಬಿದ್ದ ಬಟ್ಟೆಯಾಗಿಬಿಡುತ್ತದೆ. ಸೀನರಿಯವರು ಸಾಲುಸಾಲಾಗಿ ಕಟ್ಟಿದ ದೀಪಗಳ ಬಣ್ಣವೂ ಹೋಗುತ್ತದೆ. ಎರಡನೆಯದು, ಫ್ಲ್ಯಾಶ್ ಬೇಡವೆಂದು ಕ್ಯಾಮೆರಾದ ಜೊತೆ ಬಂದ ಕಿಟ್ ಲೆನ್ಸಿನಲ್ಲೇ ತೆಗೆಯುವುದು. ಆಗ ಭೀಮನ ಕೈ ಅಲುಗಿ ಮಸುಕಾಗುತ್ತದೆ. ಅದನ್ನು ತಪ್ಪಿಸಲು ಐಎಸ್‌ಒ ಏರಿಸಿದರೆ ಮುಖದ ತುಂಬ ಮರಳು ಎರಚಿದಂಥ ಗ್ರೈನ್ಸ್ ಬರುತ್ತದೆ.

ಇದಕ್ಕೆ ಪರಿಹಾರ ಪ್ರೈಮ್ ಲೆನ್ಸ್, ಅಂದರೆ ಝೂಮ್ ಇಲ್ಲದ, ಅಗಲವಾಗಿ ತೆರೆಯುವ ಅಪರ್ಚರ್ ಇರುವ ಲೆನ್ಸ್. ಲೆಕ್ಕ ಸರಳ. ಕಾಲುವೆಯ ತೂಬು ದೊಡ್ಡದಿದ್ದರೆ ಗದ್ದೆ ಬೇಗ ತುಂಬುತ್ತದೆ, ಸಣ್ಣದಿದ್ದರೆ ಹೆಚ್ಚು ಹೊತ್ತು ಕಾಯಬೇಕು. 18–55ರ ಕಿಟ್ ಲೆನ್ಸನ್ನು 50ರ ಹತ್ತಿರಕ್ಕೆ ಝೂಮ್ ಮಾಡಿದಾಗ ಅದರ ಅಪರ್ಚರ್ ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. 50 ಎಂಎಂ ಪ್ರೈಮ್ ಎಫ್ 1.8ರವರೆಗೆ ತೆರೆಯುತ್ತದೆ. ಈ ಅಂಕಿ ಚಿಕ್ಕದಾದಷ್ಟೂ ತೂಬು ದೊಡ್ಡದು. 5.6ನ್ನು 1.8ರಿಂದ ಭಾಗಿಸಿ ಬಂದದ್ದನ್ನು ಅದರಿಂದಲೇ ಗುಣಿಸಿ: ಒಂಬತ್ತೂವರೆಗಿಂತ ಸ್ವಲ್ಪ ಹೆಚ್ಚು. ಅಷ್ಟು ಪಟ್ಟು ಬೆಳಕು ಹೆಚ್ಚು ಬರುತ್ತದೆ. ಪ್ರೈಮಿನಲ್ಲಿ ಐಎಸ್‌ಒ 1600, ಶಟರ್ ಸೆಕೆಂಡಿನ ನೂರನೇ ಒಂದು ಭಾಗಕ್ಕೆ ಸಿಗುವ ಚಿತ್ರವನ್ನು ಕಿಟ್ ಲೆನ್ಸಿನಲ್ಲಿ ತೆಗೆಯಬೇಕಾದರೆ ಐಎಸ್‌ಒ 16,000ದ ಆಸುಪಾಸಿಗೆ ಹೋಗಬೇಕು, ಇಲ್ಲವೇ ಶಟರನ್ನು ಹತ್ತನೇ ಒಂದು ಭಾಗಕ್ಕೆ ಇಳಿಸಬೇಕು. ಹತ್ತನೇ ಒಂದು ಭಾಗದಲ್ಲಿ ಹಾಡುತ್ತ ನಿಂತ ಕೃಷ್ಣನ ತುಟಿ ಕೂಡ ಅಲುಗಿರುತ್ತದೆ.

ಕಿಟ್ ಲೆನ್ಸಿನಲ್ಲೂ ಕೈ ನಡುಕ ತಡೆಯುವ ವ್ಯವಸ್ಥೆ ಇದೆಯಲ್ಲ ಎಂದು ಅಂಗಡಿಯವರು ಹೇಳಬಹುದು. ಇದೆ, ಒಳ್ಳೆಯದೇ. ಆದರೆ ಅದು ತಡೆಯುವುದು ನಿಮ್ಮ ಕೈ ನಡುಕವನ್ನು, ಪಾತ್ರಧಾರಿಯ ಚಲನೆಯನ್ನಲ್ಲ. ಕಲ್ಲಿನ ಕಂಬಕ್ಕೆ ಅದು ಸಾಕು, ಗದಾಯುದ್ಧಕ್ಕೆ ಸಾಲದು. ಫೋನಿನ ಮೇಲೂ ಎಫ್ 1.8 ಎಂದು ಬರೆದಿರುತ್ತದಲ್ಲ ಎಂದು ಕೇಳುವವರೂ ಇದ್ದಾರೆ. ಆ ಅಂಕಿ ಸುಳ್ಳಲ್ಲ. ಆದರೆ ಹೆಚ್ಚಿನ ಫೋನ್‌ಗಳ ಸೆನ್ಸರ್, ಕ್ರಾಪ್ ಸೆನ್ಸರ್ ಕ್ಯಾಮೆರಾದ ಸೆನ್ಸರಿನ ಐದನೇ ಒಂದು ಭಾಗದಷ್ಟೂ ಇರುವುದಿಲ್ಲ. ಅದರ ಕೊರತೆಯನ್ನು ಫೋನಿನ ನೈಟ್ ಮೋಡ್ ಹಲವು ಚಿತ್ರಗಳನ್ನು ಒಂದರ ಮೇಲೊಂದು ಜೋಡಿಸಿ ತುಂಬಿಕೊಳ್ಳುತ್ತದೆ. ಎದುರಿಗೆ ಇರುವವರು ಅಲುಗದಿದ್ದರೆ ಅದು ಬಹಳ ಚೆನ್ನಾಗಿ ಬರುತ್ತದೆ. ರಂಗದ ಮೇಲೆ ಅಲುಗದೆ ಇರುವುದು ಪರದೆ ಮಾತ್ರ.

ಮೊದಲು ನಿಲ್ಲುವ ಜಾಗ

ಲೆನ್ಸ್ ಕೊಳ್ಳುವವರು ಮೊದಲು ಕೇಳುವ ಪ್ರಶ್ನೆ, 1.8 ಸಾಕೋ 1.4 ಬೇಕೋ ಎಂಬುದು. ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಮೊದಲನೆಯದು, ನೀವು ಎಲ್ಲಿ ನಿಲ್ಲುತ್ತೀರಿ? ಪ್ರೈಮ್ ಲೆನ್ಸಿನಲ್ಲಿ ಝೂಮ್ ಇಲ್ಲ. ಹತ್ತಿರ ಹೋಗಬೇಕಾದರೆ ಕಾಲಿನಲ್ಲೇ ಹೋಗಬೇಕು. ಹಳ್ಳಿಯ ನಾಟಕದಲ್ಲಿ ಅದು ಆಗದ ಮಾತು. ರಂಗದ ಮುಂದೆ ಮಕ್ಕಳು, ಅವರ ಹಿಂದೆ ಚಾಪೆ ಹಾಸಿಕೊಂಡ ಹೆಂಗಸರು, ಅವರ ಹಿಂದೆ ಕುರ್ಚಿ. ನಡುವೆ ನಡೆದಾಡಿದರೆ ಬೈಸಿಕೊಳ್ಳುತ್ತೀರಿ, ಬೈಯುವುದು ನ್ಯಾಯವೂ ಹೌದು. ಒಂದು ಪಕ್ಕದಲ್ಲಿ, ಮೈಕ್ ಸೆಟ್ಟಿನವರ ಹತ್ತಿರವೋ ಹಾರ್ಮೋನಿಯಂ ಪಕ್ಕದಲ್ಲೋ ಜಾಗ ಹಿಡಿದರೆ ಬಹುಪಾಲು ರಾತ್ರಿ ಅಲ್ಲೇ.

ಆದ್ದರಿಂದ ಲೆಕ್ಕ ಹಾಕಿಕೊಂಡೇ ಅಂಗಡಿಗೆ ಹೋಗಿ. ನೀವು ನಿಂತ ಜಾಗದಿಂದ ಪಾತ್ರಧಾರಿಗೆ ಇಪ್ಪತ್ತೈದು ಅಡಿ ಇದೆ ಎಂದಿಟ್ಟುಕೊಳ್ಳೋಣ. ನಿಮ್ಮದು ಕ್ರಾಪ್ ಸೆನ್ಸರ್ ಬಾಡಿ. ಹೆಚ್ಚಿನವರ ಬಳಿ ಇರುವುದು ಅದೇ. ಆ ದೂರದಲ್ಲಿ 50 ಎಂಎಂ ಲೆನ್ಸ್ ಸುಮಾರು ಹನ್ನೆರಡು ಅಡಿ ಅಗಲ, ಎಂಟು ಅಡಿ ಎತ್ತರವನ್ನು ಹಿಡಿಯುತ್ತದೆ. ಕಿರೀಟ ಸಹಿತ ನಿಂತ ಮೂವರು ಅದರೊಳಗೆ ಬರುತ್ತಾರೆ: ನಡುವೆ ಕೃಷ್ಣ, ಒಂದು ಕಡೆ ಅರ್ಜುನ, ಇನ್ನೊಂದು ಕಡೆ ಸುಯೋಧನ. 35 ಎಂಎಂ ಹಾಕಿದರೆ ಅಗಲ ಹದಿನೇಳು ಅಡಿಯ ಹತ್ತಿರವಾಗುತ್ತದೆ. ಇಡೀ ದರ್ಬಾರು, ಹಿಂದಿನ ಪರದೆ, ಪಕ್ಕದ ಸೈಡ್ ವಿಂಗ್ ಎಲ್ಲ ಬರುತ್ತದೆ, ಮುಖಗಳು ಸಣ್ಣದಾಗುತ್ತವೆ. 85 ಎಂಎಂ ಆದರೆ ಏಳು ಅಡಿಗೆ ಇಳಿಯುತ್ತದೆ. ಕ್ಯಾಮೆರಾವನ್ನು ನೆಟ್ಟಗೆ ತಿರುಗಿಸಿ ಹಿಡಿದರೆ ಒಬ್ಬನೇ ಪಾತ್ರಧಾರಿ, ಅಂಗಾಲಿನಿಂದ ಕಿರೀಟದ ತುದಿಯವರೆಗೆ, ಸರಿಯಾಗಿ ತುಂಬಿಕೊಳ್ಳುತ್ತಾನೆ. ಗೋಡೆ ಮೇಲಿನ ಫೋಟೊಗೆ ಇದಕ್ಕಿಂತ ಒಪ್ಪುವ ಅಳತೆ ಇಲ್ಲ. ಫುಲ್ ಫ್ರೇಮ್ ಬಾಡಿ ಇದ್ದವರು ಈ ಅಗಲಗಳನ್ನೆಲ್ಲ ಒಂದೂವರೆ ಪಟ್ಟು ಮಾಡಿಕೊಳ್ಳಬೇಕು. ಅವರ ಕೈಯಲ್ಲಿ 85, ಕ್ರಾಪ್ ಸೆನ್ಸರಿನವರ 50ಕ್ಕಿಂತ ಸ್ವಲ್ಪವೇ ಹತ್ತಿರದ ನೋಟ ಕೊಡುತ್ತದೆ.

ಒಂದೇ ಲೆನ್ಸ್ ಕೊಳ್ಳುವ ಶಕ್ತಿ ಇದ್ದರೆ, ಕ್ರಾಪ್ ಸೆನ್ಸರಿನವರಿಗೆ 50 ಎಂಎಂ ಎಫ್ 1.8 ಎಂದು ನಾನು ಹಿಂದೆಮುಂದೆ ನೋಡದೆ ಹೇಳುತ್ತೇನೆ. ಬೆಲೆಯಲ್ಲೂ ಅದೇ ಸುಲಭ. ಹೊಸದು ಕಂಪನಿಗೆ ತಕ್ಕಂತೆ ಹತ್ತು ಸಾವಿರದ ಆಸುಪಾಸಿನಿಂದ ಇಪ್ಪತ್ತು ಸಾವಿರದ ಆಸುಪಾಸಿನವರೆಗೆ ಸಿಗುತ್ತದೆ. ಇಷ್ಟು ಬೆಳಕು ಕುಡಿಯುವ ಗಾಜು ಇಷ್ಟು ಅಗ್ಗಕ್ಕೆ ಹೇಗೆ ಸಿಗುತ್ತದೆ ಎಂಬುದಕ್ಕೆ ಹಳೆಯ ಕಾರಣವಿದೆ. 1896ರಲ್ಲಿ ಝೈಸ್ ಕಂಪನಿಯಲ್ಲಿ ಪಾಲ್ ರುಡಾಲ್ಫ್ ರೂಪಿಸಿದ ಪ್ಲಾನರ್ ಲೆನ್ಸಿನಲ್ಲಿ, ನಡುವೆ ಅಪರ್ಚರ್, ಅದರ ಎರಡೂ ಕಡೆ ಎದುರುಬದುರಾಗಿ ಕೂತ ಗಾಜುಗಳು. ಒಂದು ಕಡೆಯ ದೋಷವನ್ನು ಇನ್ನೊಂದು ಕಡೆ ಬಹುಮಟ್ಟಿಗೆ ಸರಿಪಡಿಸುತ್ತದೆ. ಇವತ್ತಿನ ಸಾಮಾನ್ಯ 50ರ ಲೆನ್ಸುಗಳು ಬಹುಪಾಲು ಆ ವಂಶದವು. ಕ್ಯಾನನ್ನಿನ ಇಎಫ್ 50 ಎಂಎಂ ಎಫ್ 1.8 ಎಸ್‌ಟಿಎಂನಲ್ಲಿ ಇರುವುದು ಆರೇ ಗಾಜು, ತೂಕ 160 ಗ್ರಾಂ. ಅದೇ 24 ಎಂಎಂ ಎಫ್ 1.4 ಮಾಡಬೇಕಾದರೆ ಕಥೆ ಬೇರೆ. ಹಳೆಯ ಡಿಎಸ್‌ಎಲ್‌ಆರ್‌ಗಳಲ್ಲಿ ಲೆನ್ಸ್ ಕೂರುವ ಜಾಗಕ್ಕೂ ಸೆನ್ಸರಿಗೂ ನಡುವೆ, ಕನ್ನಡಿ ಏಳುವುದಕ್ಕೆಂದು, ಕ್ಯಾನನ್ನಿನಲ್ಲಿ 44 ಮಿಲಿಮೀಟರ್, ನಿಕಾನಿನಲ್ಲಿ 46.5 ಮಿಲಿಮೀಟರ್ ಜಾಗ ಬಿಡಲೇಬೇಕಿತ್ತು. ಅಗಲ ನೋಟದ ಲೆನ್ಸಿನ ಬೆಳಕನ್ನು ಅಷ್ಟು ಹಿಂದಕ್ಕೆ ತಳ್ಳಲು ಗಾಜಿನ ಮೇಲೆ ಗಾಜು ಬೇಕು, ಬೆಲೆಯೂ ಏರುತ್ತದೆ. ಆದ್ದರಿಂದ ಅಗಲ ನೋಟ ಮತ್ತು ಅಗಲ ಅಪರ್ಚರ್ ಎರಡೂ ಬೇಕೆನ್ನುವವರು ದುಡ್ಡು ಎಣಿಸಲು ಸಿದ್ಧವಾಗಿರಬೇಕು.

ಈಗ ಎರಡನೇ ಪ್ರಶ್ನೆ. 1.8ರಿಂದ 1.4ಕ್ಕೆ ಹೋದರೆ ಬೆಳಕು ಸುಮಾರು ಒಂದೂ ಮುಕ್ಕಾಲು ಪಟ್ಟಿನೊಳಗೆ ಹೆಚ್ಚುತ್ತದೆ: ಐಎಸ್‌ಒ 3200 ಇದ್ದದ್ದು 2000ಕ್ಕೆ ಇಳಿಯುತ್ತದೆ, ಅಷ್ಟೆ. ಇವತ್ತಿನ ಸೆನ್ಸರುಗಳಲ್ಲಿ ಆ ವ್ಯತ್ಯಾಸವನ್ನು ಕಟ್ಟು ಹಾಕಿಸಿದ ಫೋಟೊದಲ್ಲಿ ಗುರುತಿಸುವುದು ಕಷ್ಟ. ಬೆಲೆಯ ವ್ಯತ್ಯಾಸ ಮಾತ್ರ ಕಣ್ಣಿಗೆ ಹೊಡೆಯುತ್ತದೆ. ಆ ದುಡ್ಡಿಗೆ ಇನ್ನೊಂದು ಅಳತೆಯ ಎಫ್ 1.8 ಲೆನ್ಸ್ ಕೊಳ್ಳಿ. ಇದಕ್ಕೆ ಒಂದು ವಿನಾಯಿತಿ: ಸಿಗ್ಮಾ ಕಂಪನಿ ಕ್ರಾಪ್ ಸೆನ್ಸರ್ ಮಿರರ್‌ಲೆಸ್ ಕ್ಯಾಮೆರಾಗಳಿಗೆಂದೇ ಮಾಡುವ 16, 30, 56 ಎಂಎಂ ಎಫ್ 1.4 ಲೆನ್ಸುಗಳು. ಮೊದಲು ಸೋನಿ ಮತ್ತು ಇನ್ನೊಂದು ಬಗೆಯ ಮೌಂಟಿಗೆ ಬಂದವು, ಈಗ ನಿಕಾನ್ ಝಡ್, ಕ್ಯಾನನ್ ಆರ್‌ಎಫ್ ಬಾಡಿಗಳಿಗೂ ಸಿಗುತ್ತವೆ. ಬೆಲೆಗೆ ತಕ್ಕ ಗಾಜು. 56 ಎಂಎಂ ಲೆನ್ಸಿನ ತೂಕ 280 ಗ್ರಾಂ, ರಾತ್ರಿಯಿಡೀ ಕುತ್ತಿಗೆಗೆ ಹೊರೆಯಾಗದು.

ಅಪರ್ಚರ್ ಎಷ್ಟು ತೆರೆದರೂ ಸಾಲದು ಎನ್ನುವವರು 1975ರ 'ಬ್ಯಾರಿ ಲಿಂಡನ್' ಚಿತ್ರವನ್ನು ನೆನೆಯಬೇಕು. ನಾಸಾ ಸಂಸ್ಥೆಗಾಗಿ ಝೈಸ್ ಮಾಡಿಕೊಟ್ಟಿದ್ದ 50 ಎಂಎಂ ಎಫ್ 0.7 ಲೆನ್ಸ್ ತಂದು ಸ್ಟಾನ್ಲಿ ಕುಬ್ರಿಕ್ ಮೇಣದ ಬತ್ತಿಯ ಬೆಳಕಿನಲ್ಲೇ ದೃಶ್ಯಗಳನ್ನು ತೆಗೆದರು. ಆದರೆ ಫೋಕಸ್ ನಿಲ್ಲುವ ಆಳ ಎಷ್ಟು ಕಡಿಮೆಯಿತ್ತೆಂದರೆ ನಟರು ಕೂತಲ್ಲೇ ಕದಲದೆ ಕೂರಬೇಕಾಯಿತು. ನಮ್ಮ ಭೀಮನಿಗೆ ಆ ಮಾತು ಹೇಳುವಂತಿಲ್ಲ.

ಈ ಆಳದ ಲೆಕ್ಕವನ್ನೂ ಕೇಳಿ. ಇಪ್ಪತ್ತೈದು ಅಡಿ ದೂರದಲ್ಲಿ, ಕ್ರಾಪ್ ಸೆನ್ಸರಿನ ಮೇಲೆ, 50 ಎಂಎಂ ಎಫ್ 1.8ರಲ್ಲಿ ಸುಮಾರು ಐದು ಅಡಿಯಷ್ಟು ಆಳ ಫೋಕಸ್‌ನಲ್ಲಿರುತ್ತದೆ. ಹಿಂದೆ ಮುಂದೆ ನಿಂತ ಇಬ್ಬರೂ ಸ್ಪಷ್ಟವಾಗಿಯೇ ಬರುತ್ತಾರೆ. 85ರಲ್ಲಿ ಅದು ಎರಡು ಅಡಿಗಿಂತ ಕಡಿಮೆ. ದ್ರೌಪದಿ ಸರಿಯಾಗಿದ್ದರೆ ಹಿಂದಿನ ದುಶ್ಶಾಸನ ಔಟ್ ಆಗಿರುತ್ತಾನೆ. ಅದು ಬೇಕೆಂದೇ ಮಾಡಿದರೆ ಚೆಂದ, ಅರಿಯದೆ ಆದರೆ ನಷ್ಟ.

ಬಣ್ಣದ ಮನೆ

ರಂಗದ ಹಿಂದೆ ಹೋಗದೆ ನಾಟಕದ ಫೋಟೊ ಮುಗಿಯಿತೆಂದು ಹೇಳುವವರನ್ನು ನಾನು ಒಪ್ಪುವುದಿಲ್ಲ. ಶಾಲೆಯ ಕೊಠಡಿಯೋ, ತಗಡು ಕಟ್ಟಿದ ಮರೆಯೋ, ಅಲ್ಲಿ ಒಂದೆರಡು ಬಲ್ಬಿನ ಕೆಳಗೆ ಮೇಕಪ್ಪಿನವರು ಮುಖಕ್ಕೆ ಬಣ್ಣ ಹಚ್ಚುತ್ತಿರುತ್ತಾರೆ. ಒಬ್ಬ ಮೀಸೆ ಅಂಟಿಸಿಕೊಳ್ಳುತ್ತಿರುತ್ತಾನೆ, ಇನ್ನೊಬ್ಬ ಕಣ್ಣು ಮುಚ್ಚಿ ಮಾತು ಒಪ್ಪಿಸಿಕೊಳ್ಳುತ್ತಿರುತ್ತಾನೆ, ಹೊರಗಿನಿಂದ ಕರೆಸಿದ ನಟಿಯರು ಬೇರೊಂದು ಮರೆಯಲ್ಲಿ ತಯಾರಾಗುತ್ತಿರುತ್ತಾರೆ. (ಆ ಕಡೆ ಕ್ಯಾಮೆರಾ ತಿರುಗಿಸುವ ಮುನ್ನ ಕೇಳಲೇಬೇಕು, ಬೇಡ ಎಂದರೆ ಬೇಡ.) ಪ್ರೈಮ್ ಲೆನ್ಸ್ ತನ್ನ ಪೂರ್ತಿ ಬೆಲೆ ತೀರಿಸುವುದು ಇಲ್ಲೇ.

ಇಲ್ಲಿ 50 ಉದ್ದವಾಗುತ್ತದೆ. ಹಿಂದಕ್ಕೆ ಸರಿಯಲು ಗೋಡೆ ಅಡ್ಡ. ಐದು ಅಡಿ ದೂರದಿಂದ 50ರಲ್ಲಿ ಎಫ್ 1.8ಕ್ಕೆ ತೆಗೆದರೆ ಫೋಕಸ್‌ನ ಆಳ ಎರಡೂವರೆ ಇಂಚು. ಕಣ್ಣು ಸ್ಪಷ್ಟ, ಕಿವಿ ಮಸುಕು, ಕಿರೀಟದ ಕೆತ್ತನೆ ಎಲ್ಲೋ. 35ರಲ್ಲಿ ಅದು ಐದು ಇಂಚಾಗುತ್ತದೆ, ಜೊತೆಗೆ ಕನ್ನಡಿ, ಬಣ್ಣದ ಡಬ್ಬಿ, ಗೂಟಕ್ಕೆ ನೇತುಹಾಕಿದ ಅಂಗಿ ಎಲ್ಲ ಚಿತ್ರದೊಳಗೆ ಬರುತ್ತದೆ. ಮನೆಯ ಸೀಮಂತ, ನಾಮಕರಣ, ದೀಪಾವಳಿಯ ಅಂಗಳ ಇವೆಲ್ಲಕ್ಕೂ ಕ್ರಾಪ್ ಸೆನ್ಸರಿನಲ್ಲಿ 35ರ ನೋಟವೇ ಹಿತ. ನಾಟಕಕ್ಕಿಂತ ಮನೆಯೊಳಗಿನ ಫೋಟೊ ಹೆಚ್ಚು ತೆಗೆಯುವವರು ಮೊದಲು 35 ಕೊಳ್ಳಿ, ಆಮೇಲೆ 50.

ಎಫ್ 1.8 ಇದೆ ಎಂದು ಸದಾ ಅಲ್ಲೇ ಇಡಬೇಕಿಲ್ಲ. ಅಗ್ಗದ ಲೆನ್ಸುಗಳು ಪೂರ್ತಿ ತೆರೆದಾಗ ಸ್ವಲ್ಪ ಮೆತ್ತಗೆ ಬರುತ್ತವೆ, ಬಲ್ಬಿನ ಸುತ್ತ ನೇರಳೆ ಅಂಚು ಕಾಣುತ್ತದೆ. 2 ಅಥವಾ 2.2ಕ್ಕೆ ಇಳಿಸಿದರೆ ಅದು ಬಹಳಷ್ಟು ಹೋಗುತ್ತದೆ.

ಹೊಯ್ಸಳ ಗುಡಿಗಳ ಒಳಗಿನ ಕತ್ತಲೆಗೂ ಇದೇ ಲೆನ್ಸ್ ಆಗುತ್ತದೆಯೇ? ನಮ್ಮ ಸುತ್ತಲೇ ದೊಡ್ಡಗದ್ದವಳ್ಳಿ, ಮೊಸಳೆ, ಕೋರವಂಗಲ, 1246ರ ನುಗ್ಗೇಹಳ್ಳಿ ಇರುವಾಗ ಈ ಪ್ರಶ್ನೆ ಸಹಜ. ಕಲ್ಲು ಕದಲುವುದಿಲ್ಲವಾದ್ದರಿಂದ ಅಲ್ಲಿ ಪ್ರೈಮ್ ಅನಿವಾರ್ಯವಲ್ಲ. ಮೊಣಕೈ ಎದೆಗೊತ್ತಿ, ಉಸಿರು ಹಿಡಿದು, ನಡುಕ ತಡೆಯುವ ಕಿಟ್ ಲೆನ್ಸಿನಲ್ಲೇ ತೆಗೆಯಬಹುದು. ನವರಂಗದ ಚಾವಣಿಯ ಭುವನೇಶ್ವರಿಗಳು ಆಳವಾಗಿ ಕೊರೆದವು, ಎಫ್ 1.8ರಲ್ಲಿ ಅಂಚು ಸ್ಪಷ್ಟವಾದರೆ ನಡುವಿನ ಮೊಗ್ಗು ಮಸುಕಾಗುವ ಸಂಭವವಿದೆ, ಎಫ್ 4ಕ್ಕೆ ಇಳಿಸಿ ಐಎಸ್‌ಒ ಏರಿಸುವುದೇ ಮೇಲು. ಪುರಾತತ್ತ್ವ ಇಲಾಖೆಯ ಗುಡಿಗಳಲ್ಲಿ ಟ್ರೈಪಾಡಿಗೆ ಮೊದಲೇ ಅನುಮತಿ ಬೇಕು. ಗರ್ಭಗುಡಿಯ ಫೋಟೊಗೆ ಅರ್ಚಕರ ಮಾತೇ ಕೊನೆ.

ನಿಮ್ಮ ಬಾಡಿಗೆ ಯಾವುದು

ಕ್ಯಾನನ್ ಡಿಎಸ್‌ಎಲ್‌ಆರ್ ಇದ್ದವರಿಗೆ 2015ರಲ್ಲಿ ಬಂದ ಇಎಫ್ 50 ಎಂಎಂ ಎಸ್‌ಟಿಎಂ. ಅದಕ್ಕೂ ಹಿಂದಿನ, 1990ರ ಮಾದರಿಯ ಪ್ಲಾಸ್ಟಿಕ್ ಮೌಂಟಿನ 50 ಈಗಲೂ ಕೈ ಬದಲಾಯಿಸುತ್ತಿರುತ್ತದೆ. ಸದ್ದು ಹೆಚ್ಚು, ಕತ್ತಲೆಯಲ್ಲಿ ಫೋಕಸ್ ತಡಕಾಡುತ್ತದೆ, ಬಹಳ ಅಗ್ಗವಾದರೆ ಮಾತ್ರ ನೋಡಿ. ಆರ್ ಸರಣಿಯ ಮಿರರ್‌ಲೆಸ್ ಇದ್ದವರಿಗೆ 2020ರ ಆರ್‌ಎಫ್ 50 ಎಂಎಂ ಎಫ್ 1.8 ಇದೆ, ಹಳೆಯ ಇಎಫ್ ಲೆನ್ಸ್ ಮನೆಯಲ್ಲಿದ್ದರೆ ಕ್ಯಾನನ್ನಿನದೇ ಅಡಾಪ್ಟರ್ ಹಾಕಿದರೆ ಸಾಕು, ಆಟೊಫೋಕಸ್ ಸರಿಯಾಗಿ ನಡೆಯುತ್ತದೆ.

ನಿಕಾನಿನಲ್ಲಿ ಎಚ್ಚರ ಬೇಕು. ಎಎಫ್ 50 ಎಂಎಂ ಎಫ್ 1.8ಡಿ ಎಂಬ ಹಳೆಯ ಲೆನ್ಸ್ ಕಡಿಮೆ ಬೆಲೆಗೆ ಸಿಗುತ್ತದೆ, ಚೆನ್ನಾಗಿಯೂ ಇದೆ. ಆದರೆ ಅದರೊಳಗೆ ಮೋಟಾರ್ ಇಲ್ಲ. ಡಿ3500, ಡಿ5600ರಂಥ ಬಾಡಿಗಳಲ್ಲೂ ಮೋಟಾರ್ ಇಲ್ಲ. ಎರಡೂ ಸೇರಿದರೆ ಆಟೊಫೋಕಸ್ ಇಲ್ಲವೇ ಇಲ್ಲ. ಆ ಬಾಡಿಗಳಿಗೆ 50 ಎಂಎಂ ಎಫ್ 1.8ಜಿ ಅಥವಾ 35 ಎಂಎಂ ಡಿಎಕ್ಸ್ ಎಫ್ 1.8ಜಿ, ಇವೆರಡರಲ್ಲಿ ಒಂದನ್ನು ಕೊಳ್ಳಿ. ಹೆಸರಿನ ಕೊನೆಯ ಒಂದು ಅಕ್ಷರವನ್ನು ಡಬ್ಬಿಯ ಮೇಲೆ ನೋಡಿಯೇ ದುಡ್ಡು ಕೊಡಿ.

ಸೋನಿಯ ಕ್ರಾಪ್ ಸೆನ್ಸರ್ ಬಾಡಿಗಳಿಗೆ 50 ಎಂಎಂ ಎಫ್ 1.8 ಎರಡು ಬಗೆಯಿದೆ. 'ಎಫ್‌ಇ' ಎಂದು ಬರೆದದ್ದು ಫುಲ್ ಫ್ರೇಮಿಗೆ ಮಾಡಿದ್ದು, ಫೋಕಸ್ ನಿಧಾನ. 'ಇ' ಎಂದಷ್ಟೇ ಇದ್ದು ಜೊತೆಗೆ 'ಒಎಸ್‌ಎಸ್' ಎಂದಿರುವುದರಲ್ಲಿ ನಡುಕ ತಡೆಯುವ ವ್ಯವಸ್ಥೆಯೂ ಇದೆ. ಕ್ರಾಪ್ ಸೆನ್ಸರಿನವರಿಗೆ ನನ್ನ ಮತ ಎರಡನೆಯದಕ್ಕೆ.

ಹಳೆಯದನ್ನು ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಮುಂದಿನ ಮುಚ್ಚಳ ತೆಗೆದು, ಹಿಂದಿನಿಂದ ಫೋನಿನ ಟಾರ್ಚ್ ಬಿಟ್ಟು, ಓರೆಯಾಗಿ ನೋಡಿ. ಜೇಡರ ಬಲೆಯ ಎಳೆಯಂಥದ್ದು ಕಂಡರೆ ಅದು ಫಂಗಸ್. ಅರಕಲಗೂಡಿನಿಂದ ಸಕಲೇಶಪುರದ ಕಡೆ ಹೋದಂತೆ ಮಳೆಗಾಲದ ತೇವ ಹೆಚ್ಚು, ಬೀರುವಿನೊಳಗಿಟ್ಟ ಲೆನ್ಸಿಗೆ ಫಂಗಸ್ ಹಿಡಿಯುವುದು ಅಲ್ಲಿ ಅಪರೂಪವಲ್ಲ. ಒಂದೆರಡು ಧೂಳಿನ ಕಣಕ್ಕೆ ಹೆದರಬೇಡಿ, ಫಂಗಸ್ ಇದ್ದರೆ ಬಿಟ್ಟು ಬನ್ನಿ. ಅಪರ್ಚರಿನ ಎಲೆಗಳ ಮೇಲೆ ಎಣ್ಣೆ ಜಿನುಗಿದೆಯೇ, ಆಟೊಫೋಕಸ್ ಹತ್ತಿರದಿಂದ ದೂರಕ್ಕೆ ನಿಲ್ಲದೆ ಓಡುತ್ತದೆಯೇ ಎಂದೂ ನೋಡಿ. ನಿಮ್ಮದಾದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. ರಕ್ಷಣೆಗೆಂದು ಅಗ್ಗದ ಯುವಿ ಫಿಲ್ಟರ್ ಹಾಕಿಸುವವರಿದ್ದಾರೆ. ಸೀರಿಯಲ್ ಸೆಟ್ಟಿನ ಒಂದೊಂದು ಬಲ್ಬಿಗೂ ಒಂದೊಂದು ಹಸಿರು ಚುಕ್ಕೆ ಎದುರು ಮೂಲೆಯಲ್ಲಿ ಮೂಡುವುದು ಅದರಿಂದಲೇ. ರಾತ್ರಿ ಹೊತ್ತು ಅದನ್ನು ಬಿಚ್ಚಿಡಿ.

ಲೆನ್ಸ್ ಬಂದ ಮೇಲೆ ನೇರವಾಗಿ ನಾಟಕದ ರಾತ್ರಿಗೆ ಒಯ್ಯಬೇಡಿ. ಊರಿನಲ್ಲಿ ಪ್ರಾಕ್ಟೀಸ್ ನಡೆಯುತ್ತಿರುತ್ತದಲ್ಲ, ಅಲ್ಲಿಗೆ ಹೋಗಿ. ಮೇಷ್ಟ್ರ ಅಪ್ಪಣೆ ಕೇಳಿ ಒಂದು ಮೂಲೆಯಲ್ಲಿ ಕೂತು ತೆಗೆಯಿರಿ. ಯಾವ ದೂರಕ್ಕೆ ಎಷ್ಟು ಬರುತ್ತದೆ, ಶಟರ್ ಎಷ್ಟಿದ್ದರೆ ಕೈ ಅಲುಗದು ಎಂಬುದೆಲ್ಲ ಅಲ್ಲೇ ತಿಳಿಯುತ್ತದೆ. ಪಾತ್ರಧಾರಿಗಳಿಗೂ ನಿಮ್ಮ ಕ್ಯಾಮೆರಾ ರೂಢಿಯಾಗುತ್ತದೆ.

ನಾಟಕದ ರಾತ್ರಿ ಶಟರನ್ನು ಸೆಕೆಂಡಿನ ನೂರನೇ ಒಂದು ಭಾಗದಿಂದ ಶುರು ಮಾಡಿ. ಕಂದ ಹಾಡುವಾಗ ಪಾತ್ರಧಾರಿ ಒಂದು ಕೈ ಎತ್ತಿ ಸ್ವರ ಹಿಡಿದು ನಿಲ್ಲುತ್ತಾನೆ, ಆಗ ಅಷ್ಟು ಸಾಕು. ಅದಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮ ಕರೆಂಟು 50 ಹರ್ಟ್ಝ್. ಅದರ ಮೇಲೆ ಉರಿಯುವ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ ನೂರು ಬಾರಿ ಮಿಣುಕುತ್ತವೆ. ನೂರನೇ ಒಂದು ಭಾಗ ಅಥವಾ ಐವತ್ತನೇ ಒಂದು ಭಾಗದಲ್ಲಿ ಆ ಮಿಣುಕು ಕಾಣುವುದಿಲ್ಲ. ಅದಕ್ಕಿಂತ ವೇಗಕ್ಕೆ ಹೋದರೆ ಚಿತ್ರದಲ್ಲಿ ಅಡ್ಡ ಪಟ್ಟೆಗಳು ಬೀಳಬಹುದು. ಗದಾಯುದ್ಧಕ್ಕೆ ಇನ್ನೂರೈವತ್ತನೇ ಒಂದು ಭಾಗ ಬೇಕೇ ಬೇಕು; ಆಗ ಕ್ಯಾಮೆರಾದ ಆಂಟಿ ಫ್ಲಿಕರ್ ಇದ್ದರೆ ಹಾಕಿಕೊಳ್ಳಿ, ಇಲ್ಲದಿದ್ದರೆ ನಾಲ್ಕಾರು ಚಿತ್ರ ಒಟ್ಟಿಗೆ ತೆಗೆದು ಚೆನ್ನಾಗಿರುವುದನ್ನು ಆರಿಸಿ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬೇಡ, ಪಟ್ಟೆ ಅದರಲ್ಲೇ ಹೆಚ್ಚು. ಮೈಕಿನ ಸದ್ದಿನಲ್ಲಿ ನಿಮ್ಮ ಶಟರಿನ ಸದ್ದು ಯಾರಿಗೂ ಕೇಳಿಸದು. ಕರೆಂಟು ಹೋಗಿ ಜನರೇಟರ್ ಹಾಕಿದರೆ ಈ ಲೆಕ್ಕ ಸ್ವಲ್ಪ ತಪ್ಪುತ್ತದೆ, ಒಂದು ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿ ಮುಂದುವರಿಯಿರಿ.

ಕಿರೀಟದ ಹೊಳಪು, ಬಿಳಿ ಪಂಚೆ, ಹಿಂದಿನ ಕತ್ತಲೆ ಒಟ್ಟಿಗೆ ಇದ್ದಾಗ ಕ್ಯಾಮೆರಾ ತಾನೇ ಅಳೆದರೆ ಮುಖ ಹೆಚ್ಚು ಬೆಳ್ಳಗಾಗುತ್ತದೆ. ಎಕ್ಸ್‌ಪೋಶರನ್ನು ಮುಕ್ಕಾಲು ಅಥವಾ ಒಂದು ಸ್ಟಾಪ್ ಇಳಿಸಿ. ಸೀನರಿಯವರು ಕೆಂಪು, ನೀಲಿ ಎಲ್‌ಇಡಿ ಪೂರ್ತಿ ಹಾಕಿದಾಗ ಮುಖದ ಗೆರೆಗಳೇ ಅಳಿಸಿಹೋಗುವುದುಂಟು, ಆಗ ಇನ್ನೂ ಇಳಿಸಬೇಕು. 'ರಾ' ಫೈಲಿನಲ್ಲಿ ತೆಗೆದಿದ್ದರೆ ಮನೆಗೆ ಬಂದು ಬಣ್ಣ ಸರಿಪಡಿಸಬಹುದು. ಫೋಕಸಿಗೆ ಮುಖ ಗುರುತಿಸುವ ವ್ಯವಸ್ಥೆಯನ್ನು ಪೂರ್ತಿ ನಂಬಬೇಡಿ. ದಟ್ಟ ಬಣ್ಣ, ದಪ್ಪ ಮೀಸೆ, ಕಿರೀಟ ಸೇರಿದ ಮುಖವನ್ನು ಅದು ಕೆಲವೊಮ್ಮೆ ಮುಖವೆಂದೇ ಒಪ್ಪುವುದಿಲ್ಲ. ಒಂದೇ ಪಾಯಿಂಟ್ ಇಟ್ಟುಕೊಂಡು, ಕಿರೀಟ ಹಣೆಗೆ ತಾಗುವ ಗೆರೆಯ ಮೇಲೆ ಇಟ್ಟರೆ ಬೇಗ ಹಿಡಿಯುತ್ತದೆ. ಕಪ್ಪು ಬಿಳುಪಿನ ಅಂಚು ಅಲ್ಲೇ ಸ್ಪಷ್ಟವಾಗಿರುತ್ತದೆ.

ದೃಶ್ಯದ ನಡುವೆ ನೆಂಟರು ರಂಗವೇರಿ ಹಾರ ಹಾಕುವ ಹೊತ್ತನ್ನು ಬಿಡಬೇಡಿ. ಆಗ ಪಾತ್ರಧಾರಿ ನಿಂತೇ ಇರುತ್ತಾನೆ, ಸುತ್ತ ಮನೆಯವರೆಲ್ಲ ಇರುತ್ತಾರೆ. 35 ಎಂಎಂ ಇದ್ದರೆ ಅದನ್ನು ಹಾಕಿಕೊಂಡು ಎಫ್ 2.8ಕ್ಕೆ ಇಳಿಸಿ, ಎಲ್ಲ ಮುಖಗಳೂ ಬರಲಿ. ಮಾರನೇ ದಿನ ಚಿತ್ರ ಕಳಿಸುವಾಗ ವಾಟ್ಸಾಪಿನಲ್ಲಿ ಫೋಟೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ. ಫೋಟೊ ಎಂದು ಕಳಿಸಿದರೆ ಅದು ಕುಗ್ಗಿ ಹೋಗುತ್ತದೆ, ಮುಂದಿನ ನಾಟಕದ ಫ್ಲೆಕ್ಸಿನವರು ಅದನ್ನೇ ದೊಡ್ಡದು ಮಾಡಿದಾಗ ಮುಖ ಚೌಕಚೌಕವಾಗಿ ಒಡೆಯುತ್ತದೆ.